ತಿರುಗಿ ಓದು

ತಮ್ಮಣ್ಣನಿಗೆ ಆ ದಿನ ಮುಂಜಾನೆ ಬೆಳಗಾವಿಯ ಕ್ಯಾಂಪ್ ಪ್ರದೇಶದ ಬೇಕರಿಯ ಬಿಸಿ ಪಾವು ತಿನ್ನಬೇಕೆಂಬ ಆಸೆ ಹುಟ್ಟದಿದ್ದರೆ ಗುರುಪುತ್ರಪ್ಪನ ದಿನ ನೆಟ್ಟಗೆ ಕಳೆದುಹೋಗುತ್ತಿತ್ತು. ಆದರೆ ಹುಟ್ಟಿತು. ಪಕ್ಕದ ಮನೆಯ ಗುರುಪುತ್ರಪ್ಪನ ಸ್ಕೂಟರಿನ ಕೀಲಿಕೈ ಬಾಗಿಲ ಬಳಿಯ ಮೊಳೆಯಲ್ಲಿ ತೂಗುತ್ತಿತ್ತು. ಶಿವಬಸವ ನಗರದ ಆ ಓಣಿಯಲ್ಲಿ ಆ ಕೀಲಿಕೈ ಎಂದರೆ ಸರಕಾರಿ ನಲ್ಲಿ ಇದ್ದ ಹಾಗೆ, ಯಾರು ಬೇಕಾದರೂ ತಿರುಗಿಸಬಹುದಿತ್ತು. ಈಚೆಗೆ ಕೆಲವು ತಿಂಗಳಿಂದ ಮಾತ್ರ ಅದು ಗುರುಪುತ್ರಪ್ಪನ ತಲೆದಿಂಬಿನ ಕೆಳಗೆ ಸೇರಿಕೊಂಡಿತ್ತು. ಹಿಂದಿನ ಸಂಜೆ ಸ್ಕೂಟರ್ ತೊಳೆದು ಒರೆಸಿದ ಸಂಭ್ರಮದಲ್ಲಿ ಆತ ಮರೆತು ಹಳೆಯ ಮೊಳೆಗೇ ತೂಗುಹಾಕಿದ್ದ. ತಮ್ಮಣ್ಣ ಅದನ್ನು ತೆಗೆದುಕೊಂಡ, ಹೋದ, ಪಾವು ತಂದ, ಸ್ಕೂಟರನ್ನು ಇದ್ದಲ್ಲೇ ನಿಲ್ಲಿಸಿ ಅದರ ಮೇಲಿನ ಚಾದರವನ್ನೂ ಮೊದಲಿನ ಹಾಗೆಯೇ ಹೊದಿಸಿದ.

ಗುರುಪುತ್ರಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಸಿಹಿ ಕುಂದಾದ ಡಬ್ಬಿ ಹಿಡಿದು ಹೊರಗೆ ಬಂದ. ಚಾದರ ಸರಿಸಿದ. ಬಗ್ಗಿ ಕಿಲೋಮೀಟರ್ ತೋರಿಸುವ ಮೀಟರ್ ನೋಡಿದ. ನೋಡಿದವನು ಹಾಗೇ ಕಟ್ಟೆಯ ಮೇಲೆ ಕುಸಿದು ಕುಳಿತ.

"ನಿಂಗವ್ವಾ," ಎಂದು ಹೆಂಡತಿಯನ್ನು ಕರೆದ. "ಇಲ್ಲೆ ಎಷ್ಟೈತಿ ನೋಡು. ನನ್ನ ಕಣ್ಣ ಮ್ಯಾಲ ನನಗ ಭರೋಸಾ ಇಲ್ಲ."

ನಿಂಗವ್ವ ಸೆರಗಿನಿಂದ ಚಾಳೀಸು ಒರೆಸಿ ಕಣ್ಣಿಗೇರಿಸಿಕೊಂಡು ಓದಿದಳು. "ಒಂಬತ್ತ, ಒಂಬತ್ತ, ಒಂಬತ್ತ, ಏಳ, ಒಂಬತ್ತ."

"ನಿನ್ನಿ ಕಡೀಕ ಒಂದಿತ್ತು. ೯೯೯೭೧ ಇತ್ತು."

ಎಂಟು ಕಿಲೋಮೀಟರ್ ಏರಿಬಿಟ್ಟಿತ್ತು. ಗುರುಪುತ್ರಪ್ಪ ಮನೆಯಲ್ಲಿ ಯಾರೋ ಸತ್ತ ಹಾಗೆ ತಲೆಯ ಮೇಲೆ ಕೈ ಹೊತ್ತ.

ಎಂಟು ಕಿಲೋಮೀಟರಿಗೆ ಇಷ್ಟು ಗೋಳಾಡುವುದೇಕೆ ಎಂದು ನೀವು ಕೇಳಬಹುದು. ಗುರುಪುತ್ರಪ್ಪ ಮತ್ತು ಖಾನಾಪುರದ ಬಂಡೆಪ್ಪ ನೌಕರಿಯುದ್ದಕ್ಕೂ ಮನೆಮನೆಯ ಕರೆಂಟಿನ ಮೀಟರ್ ಓದಿದವರು. "ನಮ್ಮ ಹಿರ್ಯಾರು ಕುರಿ ಎಣಿಸಿದ್ರು, ನಾ ಯೂನಿಟ್ ಎಣಸ್ತೀನಿ," ಎಂದು ಬಂಡೆಪ್ಪ ನಗುತ್ತಿದ್ದ. ಇಬ್ಬರೂ ಅರ್ಧರ್ಧ ಹಾಕಿ ಒಂದು ಸ್ಕೂಟರ್ ಕೊಂಡಿದ್ದರು. ಒಬ್ಬ ಹೊಡೆಯುವುದು, ಇನ್ನೊಬ್ಬ ಹಿಂದೆ ಕುಳಿತು ಬರೆದುಕೊಳ್ಳುವುದು. ದಿನವಿಡೀ ಅಂಕಿ ನೋಡಿ ತಲೆ ಚಿಟ್ಟುಹಿಡಿದಿದ್ದ ಒಂದು ಮಧ್ಯಾಹ್ನ ಯಾರದೋ ಮನೆಯ ಮೀಟರಿನಲ್ಲಿ ೨೫೫೨ ಕಂಡಿತು. "ಗುರ್ಯಾ, ಇದನ್ನ ತಿರುಗಿ ಓದು," ಅಂದ ಬಂಡೆಪ್ಪ. ಕೊನೆಯಿಂದ ಓದಿದರೂ ೨೫೫೨. ಗದಗ ಊರಿನ ಹೆಸರಿನ ಹಾಗೆ, ಎತ್ತಲಿಂದ ಬಂದರೂ ಅದೇ. ಅವತ್ತಿನಿಂದ ಅಂಥ ಅಂಕಿ, ಅಂಥ ಮಾತು ಎಲ್ಲಕ್ಕೂ ಅವರಿಬ್ಬರ ನಡುವೆ "ಗದಗ" ಎಂದೇ ಹೆಸರಾಯಿತು.

ಆಟಕ್ಕೆ ಕಾಯಿದೆಯೂ ಇತ್ತು. ಕಂಡವನು ಇನ್ನೊಬ್ಬನಿಗೆ "ಗದಗ ಸಿಕ್ತು" ಅನ್ನಬೇಕು. ಅವನು "ಓದು" ಅನ್ನಬೇಕು. ಓದಿದ ಮೇಲೆ "ತಿರುಗಿ ಓದು" ಅನ್ನಬೇಕು. ತಿರುಗಿ ಓದದಿದ್ದರೆ ಅದು ಲೆಕ್ಕಕ್ಕಿಲ್ಲ. ಬಸ್ಸಿನ ಟಿಕೀಟು, ಲಾರಿಯ ನಂಬರು, ಔಷಧಿ ಅಂಗಡಿಯ ಬೋರ್ಡಿನ ಮೇಲಿನ "ನವಜೀವನ", ಚಹಾ ಕಲಕುವ ಚಮಚ, ಏನನ್ನೂ ಅವರು ಬಿಡಲಿಲ್ಲ. "ಕಿಟಕಿ"ಯ ಸಲುವಾಗಿ ಒಮ್ಮೆ ವಾರಗಟ್ಟಲೆ ಮಾತು ಬಿಟ್ಟಿದ್ದರು. "ನಾವು ಖಿಡಕಿ ಅಂತೀವಿ, ಪುಸ್ತಕದ ಮಾತು ನಡಿಯಂಗಿಲ್ಲ," ಎಂದು ಗುರುಪುತ್ರಪ್ಪ. "ಮಾತು ಮಾತ ಐತಿ, ನಡೀತೈತಿ," ಎಂದು ಬಂಡೆಪ್ಪ. ನಿವೃತ್ತಿಯಾಗಿ ಒಬ್ಬ ಬೆಳಗಾವಿ, ಇನ್ನೊಬ್ಬ ಖಾನಾಪುರ ಸೇರಿದ ಮೇಲೆ ಆಟ ಫೋನಿಗೆ ಬಂತು. ಈ ಮನುಷ್ಯ ಊಟದ ನಡುವೆ ಎದ್ದು ಹೋಗಿ ಗದಗ ಸಿಕ್ಕಿತು ಎಂದು ಯಾರಿಗೆ ಹೇಳುತ್ತಾನೆ ಎಂಬುದು ಓಣಿಯವರಿಗೆ ಕೊನೆಗೂ ತಿಳಿಯಲಿಲ್ಲ.

ಇಬ್ಬರಿಗೂ ಒಂದೇ ಒಂದು ದೊಡ್ಡ ಆಸೆ ಉಳಿದಿತ್ತು. ತಮ್ಮ ಸ್ಕೂಟರಿನ ಮೀಟರಿನಲ್ಲಿ ೯೯೯೯೯ ಬರಬೇಕು, ಆಗ ಇಬ್ಬರೂ ಎದುರಿಗಿರಬೇಕು. ಈಗ ಬಂಡೆಪ್ಪ ಸಕ್ಕರೆ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ದವಾಖಾನೆಯವರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದಿದ್ದರು. ಗುರುಪುತ್ರಪ್ಪ ತಿಂಗಳುಗಟ್ಟಲೆ ಸಂತೆಗೆ ನಡೆದು ಹೋಗಿ, ಮದುವೆಗಳಿಗೆ ಬಸ್ಸಿನಲ್ಲಿ ಹೋಗಿ, ಮೀಟರನ್ನು ೯೯೯೭೧ಕ್ಕೆ ತಂದು ನಿಲ್ಲಿಸಿದ್ದ. ತನ್ನ ಮನೆಯಿಂದ ಬಂಡೆಪ್ಪನ ಬಾಗಿಲಿಗೆ ಸರಿಯಾಗಿ ಇಪ್ಪತ್ತೆಂಟು. ಸ್ಕೂಟರ್ ಅವನ ಹೊಸ್ತಿಲ ಮುಂದೆ ನಿಲ್ಲುವುದಕ್ಕೂ ಐದು ಒಂಬತ್ತುಗಳು ಸಾಲಾಗಿ ನಿಲ್ಲುವುದಕ್ಕೂ ಸರಿಹೋಗಬೇಕು, ಬಂಡೆಪ್ಪ ಅದನ್ನು ನೋಡಬೇಕು. ಸಾಯುವ ಗೆಳೆಯನಿಗೆ ಕೊಡಲು ಗುರುಪುತ್ರಪ್ಪನ ಬಳಿ ಬೇರೇನೂ ಇರಲಿಲ್ಲ.

ಎರಡು ತಿಂಗಳಿಂದ ಬಂಡೆಪ್ಪ ಒಂದೂ ಗದಗ ಹೇಳಿರಲಿಲ್ಲ. "ಸೋತಿ ಬಿಡಲೇ," ಎಂದು ಇವನು ಫೋನಿನಲ್ಲಿ ಕಾಡಿಸಿದ್ದ. "ನೀನ ಹೇಳು, ನಾ ಕೇಳ್ತೀನಿ," ಅಂದಿದ್ದ ಅವನು. "ಸ್ಕೂಟರಿನ ಸಪ್ಪಳಾ ಕೇಳಿ ಭಾಳ ದಿನಾ ಆತು. ಮೀಟರ್ ಎಷ್ಟರ ಆಗ್ಲಿ, ನೀ ಬಾ." ನಿನ್ನೆ ಅವನ ಹೆಂಡತಿ ಸಾತವ್ವ ತಾನೇ ಫೋನ್ ಮಾಡಿ, "ಊಟಾ ಬಿಟ್ಟಾರ್ರಿ. ಲಗೂ ಬರ್ರಿ," ಎಂದಿದ್ದಳು.

ಈಗ ಎಂಟು ಹೆಚ್ಚಾಗಿತ್ತು.

ತಮ್ಮಣ್ಣ ಬಾಯಲ್ಲಿ ಪಾವು ಇಟ್ಟುಕೊಂಡೇ ಬಂದ. "ಅಣ್ಣಾರ, ನಿಂತ ಗಾಡಿ ಜಾಮ್ ಆಗ್ತೈತಿ ಅಂತ ಕ್ಯಾಂಪ್ ತನಕ ಹೊಡ್ಕೊಂಡ ಬಂದೆ. ನಿಮ್ಮ ಒಳ್ಳೇದಕ್ಕ ಮಾಡಿದ್ದು." ವಿಷಯ ತಿಳಿದ ಮೇಲೆ ಅವನ ಮುಖವೂ ಸಣ್ಣದಾಯಿತು. "ಅದಕ್ಕೇನ ಆತು ಬಿಡ್ರಿ. ಮೀಟರಿನ ಕೇಬಲ್ ತಗದ ಎಂಟ ಕಿಲೋಮೀಟರ್ ಹೋಗೂಣು. ಆಮ್ಯಾಲ ಮತ್ತ ಹಚ್ಚೂಣು."

ಗುರುಪುತ್ರಪ್ಪ ಅವನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ. "ತಮ್ಮಣ್ಣಾ, ಜೀವಮಾನಾ ಪೂರ್ತಿ ಮೀಟರಿಗೆ ಕೈ ಹಚ್ಚಿದವ್ರನ್ನ ಹಿಡದ ದಂಡಾ ಹಾಕಿಸೇನಿ ನಾ. ನನ್ನ ಕೈಲೇ ಆ ಕೆಲಸಾ ಮಾಡಸ್ತೀಯಾ?"

"ಹಂಗಾರ ಹಿಂದ ಹಿಂದ ದಬ್ಬೂಣು. ಏರಿದ್ದು ಇಳೀತೈತಿ."

ಅದರಲ್ಲಿ ಕಳ್ಳತನವೇನೂ ಗುರುಪುತ್ರಪ್ಪನಿಗೆ ಕಾಣಲಿಲ್ಲ. ಇಬ್ಬರೂ ಸ್ಕೂಟರನ್ನು ಹಿಂದುಮುಂದಾಗಿ ಓಣಿಯ ತುದಿಯವರೆಗೆ ದಬ್ಬಿದರು. ಓಣಿ ಎಂದಮೇಲೆ ಕೇಳಬೇಕೇ, ಕಟ್ಟೆಗಳೆಲ್ಲ ತುಂಬಿದವು. ಬ್ರೇಕ್ ಕೆಟ್ಟಿರಬೇಕು ಎಂದರು ಒಬ್ಬರು, ಮುಂದೆ ಹೋಗುವ ಗೇರೇ ಇಲ್ಲದಿರಬೇಕು ಎಂದರು ಇನ್ನೊಬ್ಬರು. ಬೆವರಿಳಿದದ್ದಷ್ಟೇ ಬಂತು, ಮೀಟರ್ ಒಂದು ಕೂದಲಷ್ಟೂ ಇಳಿಯಲಿಲ್ಲ.

"ನನ್ನ ಮಾತ ಕೇಳ್ರಿ," ಎಂದಳು ನಿಂಗವ್ವ. "ಸ್ಕೂಟರ್ ಇಲ್ಲೇ ಬಿಟ್ಟ ಬಸ್ಸಿಗೆ ಹೋಗ್ರಿ. ಮದಲ ಆ ಮನಷ್ಯಾನ ಮುಖಾ ನೋಡ್ರಿ."

"ಬರಗೈಲೆ ಹೆಂಗ ಹೋಗ್ಲಿ?" ಎಂದ ಗುರುಪುತ್ರಪ್ಪ. ಕುಂದಾದ ಡಬ್ಬಿ ಅವನ ಕೈಯಲ್ಲೇ ಇತ್ತು.

ಕೊನೆಗೆ ಉಪಾಯ ಹೊಳೆದದ್ದೂ ತಮ್ಮಣ್ಣನಿಗೇ. ಎಂಟು ಕಿಲೋಮೀಟರ್ ದೂರ ಸ್ಕೂಟರನ್ನು ಯಾವುದಾದರೂ ಟೆಂಪೋದಲ್ಲಿ ಏರಿಸಿಬಿಟ್ಟರೆ ಗಾಲಿ ತಿರುಗುವುದಿಲ್ಲ, ಮೀಟರ್ ಏರುವುದಿಲ್ಲ. ಇದು ಮೀಟರಿಗೆ ಮೋಸ ಮಾಡಿದಂತಾಗುವುದೇ ಎಂದು ಗುರುಪುತ್ರಪ್ಪ ಬಹಳ ಹೊತ್ತು ಯೋಚಿಸಿದ. ಲೈಟು ಹಾಕದೆ ಕತ್ತಲಲ್ಲಿ ಕುಳಿತವನಿಗೆ ಬಿಲ್ಲು ಬರುವುದಿಲ್ಲ, ಅದು ಕಳ್ಳತನವಲ್ಲ ಎಂದು ಸಮಾಧಾನ ಮಾಡಿಕೊಂಡು ಸ್ಕೂಟರಿಗೆ ಕಿಕ್ ಹೊಡೆದ. ಮಾಡಿದ ತಪ್ಪಿಗೆ ತಮ್ಮಣ್ಣನೂ ಹಿಂದೆ ಹತ್ತಿ ಕುಳಿತ.

ಖಾನಾಪುರದ ದಾರಿಯ ಪೀರನವಾಡಿಯ ಹತ್ತಿರ ಬಸಯ್ಯ ಎಂಬವನ ಟೆಂಪೋ ಸಿಕ್ಕಿತು. ಬೆಳಗಾವಿಯಲ್ಲಿ ಹಂಚು ಇಳಿಸಿ ಖಾನಾಪುರಕ್ಕೆ ಖಾಲಿ ಹೊರಟಿದ್ದ. ಆಗ ಮೀಟರಿನಲ್ಲಿ ೯೯೯೮೫ ಇತ್ತು. ನಾಲ್ಕು ಜನ ಸೇರಿ ಸ್ಕೂಟರನ್ನು ಮೇಲೆತ್ತಿದರು. ಅದು ಬೀಳದ ಹಾಗೆ ಹಿಡಿದುಕೊಂಡು ಗುರುಪುತ್ರಪ್ಪ ಹಿಂದೆ ಹಂಚಿಗೆ ಹಾಸಿದ್ದ ಹುಲ್ಲಿನಲ್ಲಿ ನಿಂತ. ತಮ್ಮಣ್ಣ ಮುಂದೆ ಬಸಯ್ಯನ ಬಾಜೂಕೆ ಕುಳಿತ. ಎಂಟು ಕಿಲೋಮೀಟರ್ ಆದ ಕೂಡಲೇ ನಿಲ್ಲಿಸುವ ಜವಾಬ್ದಾರಿ ಅವನದು.

ಎರಡು ಕಿಲೋಮೀಟರ್ ಹೋಗುವುದರೊಳಗೆ ತಮ್ಮಣ್ಣನ ಹೆಂಡತಿಯ ತವರೂರೂ ಬಸಯ್ಯನ ಹೆಂಡತಿಯ ತವರೂರೂ ಒಂದೇ ಎಂಬುದು ಹೊರಬಿತ್ತು. ಆಮೇಲೆ ಆ ಊರಿನ ಜಾತ್ರೆ, ಜಗಳ, ಮಾವಂದಿರ ಜಿಪುಣತನ ಎಲ್ಲ ಒಂದೊಂದಾಗಿ ಬಂದವು. ಹಿಂದೆ ಗುರುಪುತ್ರಪ್ಪ ಕ್ಯಾಬಿನ್ನಿನ ತಗಡು ಬಡಿದ, ಕೂಗಿದ, ಚಪ್ಪಲಿ ಕಳಚಿ ಅದರಿಂದಲೂ ಬಡಿದ. "ಹಿಂದ ಏನೋ ಸಪ್ಪಳಾ ಬರಾಕತ್ತೈತಿ," ಎಂದ ತಮ್ಮಣ್ಣ. "ಹಳೀ ಗಾಡಿರಿ, ಹಂಗ ಬಡಕೋತೈತಿ," ಎಂದ ಬಸಯ್ಯ. ಟೆಂಪೋ ನಿಂತದ್ದು ಖಾನಾಪುರದ ಮಲಪ್ರಭಾ ಸೇತುವೆ ದಾಟಿದ ಮೇಲೆಯೇ.

ಅಲ್ಲಿಂದ ಬಂಡೆಪ್ಪನ ಮನೆ ಎರಡೇ ಕಿಲೋಮೀಟರ್. ಎಂಟು ಹೆಚ್ಚಾಗಿದ್ದದ್ದು ಈಗ ಹನ್ನೆರಡು ಕಡಿಮೆಯಾಗಿತ್ತು. ಗುರುಪುತ್ರಪ್ಪ ಸಿಟ್ಟಿಗೇಳಲೂ ಶಕ್ತಿಯಿಲ್ಲದೆ ತಮ್ಮಣ್ಣನ ಮುಖ ನೋಡಿದ. ತಲೆಯಲ್ಲೆಲ್ಲ ಹುಲ್ಲು ಸಿಕ್ಕಿಕೊಂಡಿತ್ತು.

"ಪುಣ್ಯಾ ಬರ್ತೈತಿ ಅಣ್ಣಾರ, ಬೈಬ್ಯಾಡ್ರಿ," ಎಂದ ತಮ್ಮಣ್ಣ. "ಕಡಿಮಿ ಆಗಿದ್ದ ಚಲೋನ ಆತು. ಕಡಿಮಿ ಇದ್ದದ್ದನ್ನ ತುಂಬಸಾಕ ಬರ್ತೈತಿ. ಮದಲ ಅವರನ್ನ ಮಾತಾಡ್ಸಿ ಬರ್ರಿ, ಆಮ್ಯಾಲ ಹೈವೇಕ ಹೋಗಿ ತುಂಬಿಸಿಕೊಂಡ ಬರೂಣು."

ನೋಡಿ, ಆ ದಿನ ತಮ್ಮಣ್ಣ ಆಡಿದ ಒಂದೇ ಒಂದು ಬುದ್ಧಿಯ ಮಾತು ಅದು. ಗುರುಪುತ್ರಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇಷ್ಟ ವರ್ಷ ಕಾದಾನ, ಅರ್ಧಾ ತಾಸು ಕಾಯಾಂಗಿಲ್ಲೇನು? ಬಾಗಲದಾಗ ನಿಂತ ಕೂಡ್ಲೆ ಐದ ಒಂಬತ್ತ ಇರಬೇಕು. ಹೈವೇ ಬ್ಯಾಡ. ಅವನ ಮನಿ ಮುಂದ ಹೋಗಿ, ಕೆರಿ ಬಳಸಿ, ಗುಡಿ ಮುಂದ ಬಂದ್ರ ಎರಡ ಕಿಲೋಮೀಟರ್ ಆಗ್ತೈತಿ. ಆರ ಸುತ್ತ ಹೊಡ್ಯೂಣು. ಅವನ ಕಾಟು ಖಿಡಕಿಗೆ ಹಚ್ಚಿ ಐತಂತ. ಮಲಕೊಂಡ ನೋಡ್ಲಿ, ಖುಷಿ ಆಗ್ತಾನ."

ಹಾಗೆ ಶುರುವಾಯಿತು. ಮನೆಯ ಮುಂದೆ ಮೊದಲ ಸಲ ಹಾಯುವಾಗ ಮೀಟರ್ ೯೯೯೮೭. ಕಿಟಕಿ ತೆರೆದಿತ್ತು. ಗುರುಪುತ್ರಪ್ಪ ಹಾರ್ನ್ ಹೊಡೆದು, ಕೈ ಎತ್ತಿ ಬೀಸಿ, ಮದುವೆಯ ಮೆರವಣಿಗೆಯಲ್ಲಿ ಕುಳಿತ ಮದುಮಗನ ಹಾಗೆ ನಗುತ್ತ ಮುಂದೆ ಹೋದ. ಒಳಗೆ ಮಂಚದ ಮೇಲೆ ಬಿಳಿಯ ತಲೆಯೊಂದು ಇತ್ತ ತಿರುಗಿದ್ದು ಕಂಡಿತು. "ನೋಡಿದ, ನೋಡಿದ," ಎಂದು ಹಿಂದೆ ಕುಳಿತ ತಮ್ಮಣ್ಣನ ತೊಡೆಗೆ ಬಡಿದ.

ಎರಡನೆಯ ಸುತ್ತಿಗೆ ಒಂದು ನಾಯಿ ಬೆನ್ನು ಹತ್ತಿತು. ಮೂರನೆಯದಕ್ಕೆ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಕೈ ಅಡ್ಡ ಹಾಕಿ, "ಕುಣಾಚ ಘರ ಪಾಯಜೆ?" ಎಂದು ಕೇಳಿದರು. ಯಾರ ಮನೆಯೂ ಬೇಕಿಲ್ಲ, ಸುಮ್ಮನೆ ಸುತ್ತುತ್ತಿದ್ದೇವೆ ಎಂದು ತಮ್ಮಣ್ಣ ತಿಳಿದಷ್ಟು ಮರಾಠಿಯಲ್ಲಿ ಹೇಳಿದ. ನಾಲ್ಕನೆಯ ಸುತ್ತಿಗೆ ಅವರು ಇನ್ನಿಬ್ಬರನ್ನು ಕರೆದು ಕೂರಿಸಿಕೊಂಡಿದ್ದರು. "ಈ ವಯಸ್ಸಿನಾಗ ಗಾಡಿ ಕಲ್ಯಾಕತ್ತಾರ," ಎಂದು ಅವರಲ್ಲೊಬ್ಬರು ಮೆಚ್ಚಿಗೆಯಿಂದ ಹೇಳಿದ್ದು ಕೇಳಿಸಿತು. ಪ್ರತಿ ಸುತ್ತಿಗೂ ಗುರುಪುತ್ರಪ್ಪ ಕಿಟಕಿಗೆ ಕೈ ಬೀಸುವುದನ್ನು ಮಾತ್ರ ಮರೆಯಲಿಲ್ಲ. ಇನ್ನೆಷ್ಟು ಸುತ್ತು ಎಂದು ಬೆರಳಿನಲ್ಲಿ ತೋರಿಸುತ್ತಲೂ ಇದ್ದ.

ಐದನೆಯ ಸುತ್ತು ಮುಗಿದು ಮನೆಯ ಮುಂದೆ ಬಂದಾಗ ಸಾತವ್ವ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಿಂದ ಚೌಕಟ್ಟು ಹಿಡಿದು ಇನ್ನೊಂದು ಕೈ ಎತ್ತಿ ಜೋರಾಗಿ ಬೀಸುತ್ತಿದ್ದಳು. ಬಾಯಿ ತೆರೆದು ಏನೋ ಅಂದಳು. ಹಳೆಯ ಸ್ಕೂಟರಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

"ಅಣ್ಣಾರ, ಕರ್ಯಾಕತ್ತಾರ," ಎಂದ ತಮ್ಮಣ್ಣ.

"ಹುರುಪ ತುಂಬಾಕತ್ತಾರ," ಎಂದ ಗುರುಪುತ್ರಪ್ಪ. ಮೀಟರ್ ೯೯೯೯೭ ಆಗಿತ್ತು. ಒಂದು ಬೆರಳು ಎತ್ತಿ ತೋರಿಸಿ, "ಇನ್ನೊಂದ ಸುತ್ತ ವೈನಿ, ಒಂದ," ಎಂದು ಕೂಗುತ್ತ ಮುಂದೆ ಹೋದ.

ಕೆರೆಯ ದಂಡೆಯಲ್ಲಿ ಕೊನೆಯ ಏಳು ಹೋಗಿ ಎಂಟು ಬಂತು. ಗುಡಿಯ ಮುಂದಿನ ಮುದುಕರಿಗೂ ಕೈ ಬೀಸಿದ. ಓಣಿಗೆ ತಿರುಗಿದಾಗ ಎಂಟು ಮೆಲ್ಲಗೆ ಮೇಲೆ ಸರಿಯಿತು. ಬಂಡೆಪ್ಪನ ಹೊಸ್ತಿಲ ಮುಂದೆ ಬ್ರೇಕ್ ಹಾಕಿದಾಗ ಐದು ಒಂಬತ್ತುಗಳು ಸಾಲಾಗಿ ನಿಂತಿದ್ದವು. ಗುರುಪುತ್ರಪ್ಪನ ಕಣ್ಣಲ್ಲಿ ನೀರು ತುಂಬಿತು. "ಬಂಡ್ಯಾ, ಗದಗ ಸಿಕ್ತು," ಎಂದು ಹೊರಗಿನಿಂದಲೇ ಕೂಗಿದ.

ಒಳಗಿನಿಂದ ಬಂದದ್ದು ಹೆಂಗಸರು ಅಳುವ ಸದ್ದು.

ಬಂಡೆಪ್ಪ ಹೋಗಿಬಿಟ್ಟಿದ್ದ. ಮಗಳು ಪ್ರಮಿಳಾ ತಂದೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಗುರುಪುತ್ರಪ್ಪ ಅವನ ಕೈ ಹಿಡಿದುಕೊಂಡು ಮಂಚದ ಬದಿಗೆ ಕುಳಿತ.

ಸಾತವ್ವ ತಾನಾಗಿಯೇ ಹೇಳಿದಳು. "ಮದಲನೇ ಸುತ್ತಿಗೇ ಗೊತ್ತಾತ್ರಿ ಅವರಿಗೆ. 'ಗುರ್ಯಾ ಬಂದ, ಅದು ನಮ್ಮ ಸ್ಕೂಟರಿಂದ ಸಪ್ಪಳಾ, ಬಾಗಲಾ ತಗಿ' ಅಂದ್ರು. ನಾ ತಗ್ಯೂದ್ರಾಗ ನೀವು ಮುಂದ ಹೋಗಿದ್ರಿ. ಎರಡನೇ ಸಲ ಸಪ್ಪಳಾ ಬಂತು, ಮತ್ತ ಹೋತು. ಆವಾಗ ನಕ್ಕರ್ರಿ. 'ಮಗನಿಗೆ ಮೀಟರ್ ಕಮ್ಮಿ ಬಿದ್ದೈತಿ, ತುಂಬಸಾಕತ್ತಾನ' ಅಂದ್ರು. ಎಷ್ಟೋ ದಿನದ ಮ್ಯಾಲ ನಕ್ಕಿದ್ರು."

"ನಾ ಕೈ ಮಾಡಿದ್ದ ನೋಡಿದ್ನಲ್ಲ ವೈನಿ?" ಎಂದು ಕೇಳಿದ ಗುರುಪುತ್ರಪ್ಪ. ಅಷ್ಟಾದರೂ ಉಳಿಯಲಿ ಎಂಬ ಆಸೆ ಅವನಿಗೆ. "ಪ್ರತಿ ಸಲ ಖಿಡಕಿಗೆ ಕೈ ಮಾಡೇನಿ. ನನ್ನ ಕಡೆ ತಿರುಗಿದ್ದ."

ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಕಣ್ಣ ಹೋಗಿ ಎರಡ ತಿಂಗಳ ಆಗಿತ್ರಿ ಅಣ್ಣಾರ. ಏನೂ ಕಾಣ್ತಿದ್ದಿಲ್ಲ. ಸಪ್ಪಳಾ ಕೇಳಾಕಂತ ಕಾಟು ಖಿಡಕಿಗೆ ಹಾಕಿಸಿಕೊಂಡಿದ್ರು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು. 'ಗುರ್ಯಾ ಮೀಟರ್ ತೋರಸಾಕ ಬರ್ತಾನ, ಬರಲಿ. ನಾ ನೋಡಿದಂಗ ಮಾಡ್ತೀನಿ. ಐದೂ ಒಂಬತ್ತ ಅಂತ ಗೊತ್ತೇ ಐತಿ, ತಿರುಗಿ ಓದಾಕ ಕಣ್ಣ ಯಾಕ ಬೇಕು' ಅಂದಿದ್ರು. ಐದನೇ ಸುತ್ತಿಗೆ ಉಸರ ಬಿಗೀತು. ನಿಮ್ಮನ್ನ ಕರ್ಯಾಕ ಬಾಗಲಿಗೆ ಬಂದೆ. ನೀವು ಇನ್ನೊಂದ ಅಂದ್ರಿ."

ಗುರುಪುತ್ರಪ್ಪ ಎದ್ದು ಹೊರಗೆ ಬಂದ. ಒಳಗೆ ಕುಳಿತಿರುವ ಯೋಗ್ಯತೆ ತನಗಿಲ್ಲ ಎನಿಸಿತು. ತೋರಿಸಲು ತಂದದ್ದನ್ನು ನೋಡುವ ಕಣ್ಣು ಬಂಡೆಪ್ಪನಿಗೆ ಇರಲಿಲ್ಲ, ಇದ್ದದ್ದು ಹಿಡಿದುಕೊಳ್ಳುವ ಕೈ. ಆರು ಸಲ ಆ ಕೈಯ ಮುಂದೆ ಹಾಯ್ದು ಹೋಗಿದ್ದ. ಇಲ್ಲೇ ಸ್ಕೂಟರಿನ ಮೇಲೆ ಕುಳಿತು ಒಬ್ಬನೇ ಅತ್ತುಬಿಡೋಣ ಎಂದು ನೋಡಿದರೆ ಸ್ಕೂಟರ್ ಇರಲಿಲ್ಲ.

ಅಷ್ಟರಲ್ಲಿ ಅದರ ಸದ್ದೇ ಕೇಳಿಸಿತು. ತಮ್ಮಣ್ಣ ಮಲ್ಲಿಗೆಯ ಹಾರ ಕೊರಳಿಗೆ ಹಾಕಿಕೊಂಡು, ಊದಿನಕಡ್ಡಿಯ ಪೊಟ್ಟಣ ಜೇಬಿಗೆ ಸಿಕ್ಕಿಸಿಕೊಂಡು ಬಂದು ನಿಂತ. "ಮನಿಯಾಗ ಗಂಡಸರು ಯಾರೂ ಇಲ್ಲ ಅಂತ ಓಣಿ ತುದೀಗೆ ಹೋಗಿ ತಂದೆ ಅಣ್ಣಾರ. ಕೀಲಿ ಗಾಡ್ಯಾಗ ಇತ್ತು." ಗುರುಪುತ್ರಪ್ಪನ ಮುಖ ನೋಡಿದವನಿಗೆ ಆಗ ಹೊಳೆಯಿತು. ಬಗ್ಗಿ ಮೀಟರ್ ನೋಡಿದ. ಹಾರವನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಹಾಗೇ ನಿಂತ.

ಹೋಗಿ ಬಂದು ಒಂದೇ ಕಿಲೋಮೀಟರ್. ಒಂಬತ್ತುಗಳು ಒಂದೂ ಉಳಿದಿರಲಿಲ್ಲ. ಮೀಟರಿನಲ್ಲಿ ೦೦೦೦೦ ಇತ್ತು.

ಗುರುಪುತ್ರಪ್ಪ ಬೈಯಲಿಲ್ಲ. ಇಷ್ಟು ವರ್ಷಗಳ ರೂಢಿ ನೋಡಿ, ಕೈ ತಾನಾಗಿಯೇ ಜೇಬಿಗೆ ಹೋಯಿತು, ಬೆರಳು ತಾನಾಗಿಯೇ ಬಂಡೆಪ್ಪನ ಹೆಸರು ಒತ್ತಿತು. ಒಳಗೆ ಮಂಚದ ಮೇಲೆ ದಿಂಬಿನ ಕೆಳಗಿನಿಂದ ಫೋನ್ ಬಾರಿಸತೊಡಗಿತು.

ಪ್ರಮಿಳಾ ಫೋನ್ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಂಗಳದಲ್ಲಿ ನಿಂತ ಗುರುಪುತ್ರಪ್ಪನನ್ನು ಕಂಡಳು. ಕಿವಿಗೆ ಹಚ್ಚಿಕೊಂಡು, "ಹೇಳ್ರಿ ಕಾಕಾ," ಎಂದಳು.

"ಗದಗ ಸಿಕ್ತು," ಎಂದ ಅವನು ಫೋನಿನಲ್ಲಿ.

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಆ ಮಾತು ಕೇಳುತ್ತ ಬೆಳೆದ ಹುಡುಗಿ ಅವಳು. ಅಪ್ಪ ಏನನ್ನುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು. "ಓದ್ರಿ," ಎಂದಳು.

"ಸೊನ್ನಿ, ಸೊನ್ನಿ, ಸೊನ್ನಿ, ಸೊನ್ನಿ, ಸೊನ್ನಿ."

"ತಿರುಗಿ ಓದ್ರಿ, ಕಾಕಾ."

ಗುರುಪುತ್ರಪ್ಪ ಮೀಟರಿನ ಮೇಲೆ ಬಗ್ಗಿದ. ಬಾಯಿ ತೆರೆದ. ಪ್ರಮಿಳಾ ಫೋನ್ ಹಿಡಿದು ಕಾದಳು, ತಮ್ಮಣ್ಣ ಹಾರ ಹಾಕಿಕೊಂಡೇ ಕಾದ. ಅದನ್ನು ತಿರುಗಿ ಓದಲು ಗುರುಪುತ್ರಪ್ಪನಿಗೆ ಆಗಲಿಲ್ಲ.